ಬರಿಗೈ ಕಾಳಗವೂ ಆಯುಧದ ವ್ಯಾಕರಣವೂ

ಮೇಜಿನ ಸುತ್ತ ಕುಳಿತು ಆಡುವ ಪಾತ್ರಾಟಗಳ ನಿಯಮಪುಸ್ತಕಗಳಲ್ಲಿ ಬರಿಗೈ ಕಾಳಗದ ಭಾಗ ಸದಾ ತೊಡಕಿನದಾಗಿರುತ್ತದೆ, ಆ ತೊಡಕಿಗೆ ಕಾಳಗದ ಸ್ವರೂಪವೇ ಕಾರಣ ಎಂಬ ಅಭಿಪ್ರಾಯ ಈ ಆಟಗಳನ್ನು ಆಡುವವರಲ್ಲೂ ರಚಿಸುವವರಲ್ಲೂ ಬಹುಕಾಲದಿಂದ ಬೇರೂರಿದೆ. ಕತ್ತಿಯ ಏಟನ್ನು ಒಂದು ದಾಳದಿಂದ ತೀರ್ಮಾನಿಸಬಹುದು; ಆದರೆ ಇಬ್ಬರು ಮೈಗೆ ಮೈ ಹತ್ತಿ ಹೆಣಗುವಾಗ ಏನು ಬೇಕಾದರೂ ಆಗಬಹುದಾದ್ದರಿಂದ ಅದನ್ನು ನಿಯಮದ ಮಾತಿನಲ್ಲಿ ಹಿಡಿದಿಡಲು ಬಾರದು, ಹಿಡಿದಿಡಲು ಹೊರಟರೆ ಪುಟಗಟ್ಟಲೆ ಬೆಳೆಯುತ್ತದೆ, ಇಲ್ಲವಾದರೆ ಆಟ ನಡೆಸುವವರ ವಿವೇಚನೆಗೆ ಬಿಡಬೇಕಾಗುತ್ತದೆ ಎಂಬುದು ಈ ಅಭಿಪ್ರಾಯದ ಸಾರ. ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರಗಳ ಮನೆಗಳಲ್ಲಿ, ಹಾಸ್ಟೆಲುಗಳಲ್ಲಿ ರಜೆಯ ದಿನ ದಾಳ ಹಿಡಿದು ಕೂರುವ ಯುವಜನರು ಕೂಡ ಹೊರಗಿನಿಂದ ಬಂದ ಪುಸ್ತಕದೊಡನೆ ಈ ಅಭಿಪ್ರಾಯವನ್ನೂ ಪ್ರಶ್ನಿಸದೆ ಪಡೆದುಕೊಂಡಿದ್ದಾರೆ. ಈ ಅಭಿಪ್ರಾಯ ತಪ್ಪು. ಮನುಷ್ಯನ ದೇಹವನ್ನು ಆಯುಧದ ಅಭಾವವೆಂದು ವ್ಯಾಖ್ಯಾನಿಸಿ, ಆಯುಧಕ್ಕಾಗಿ ಕಟ್ಟಿದ ವಾಕ್ಯಗಳೊಳಗೆ ಅದನ್ನು ಅಪವಾದವಾಗಿ ತೂರಿಸಿದ್ದರಿಂದಲೇ ಈ ತೊಡಕು ಹುಟ್ಟಿದೆ. ಬರಿಗೈ ಹೋರಾಟಕ್ಕೆ ಚಿಕ್ಕದಾದ, ಸ್ಪಷ್ಟವಾದ, ಜಗಳಕ್ಕೆ ಎಡೆಗೊಡದ ನಿಯಮವನ್ನು ಬರೆಯಬಹುದು ಎಂಬುದಕ್ಕೆ ಕರ್ನಾಟಕದ ಕುಸ್ತಿಯ ಮಟ್ಟಿ, ಕಬಡ್ಡಿಯ ಅಂಕಣ, ಮೈಸೂರಿನ ಜಟ್ಟಿ ಕಾಳಗ ಮತ್ತು ಹಳಗನ್ನಡದ ಕಾವ್ಯ ಇವೆಲ್ಲವೂ ಸಾಕ್ಷಿಯಾಗಿವೆ.

ವಾದಕ್ಕೆ ಮೊದಲು ಆಟದ ಪರಿಚಯ ಅಗತ್ಯ. ರೋಲ್ ಪ್ಲೇಯಿಂಗ್ ಗೇಮ್ ಎಂದು ಹೆಸರಾದ ಈ ಬಗೆಯ ಆಟವನ್ನು ಇಲ್ಲಿ ಪಾತ್ರಾಟ ಎಂದು ಕರೆಯಲಾಗಿದೆ. ಇದರಲ್ಲಿ ಪ್ರತಿಯೊಬ್ಬ ಆಟಗಾರನೂ ಒಂದು ಪಾತ್ರವನ್ನು ವಹಿಸಿಕೊಂಡು ಅದು ಏನು ಮಾಡುತ್ತದೆಂದು ಹೇಳುತ್ತಾನೆ. ಆಟ ನಡೆಸುವವರು, ಅಂದರೆ ಡಂಜನ್ ಮಾಸ್ಟರ್ ಅಥವಾ ಗೇಮ್ ಮಾಸ್ಟರ್ ಎನಿಸಿಕೊಳ್ಳುವವರು, ಜಗತ್ತಿನ ಉಳಿದೆಲ್ಲವನ್ನೂ ನಿರ್ವಹಿಸುತ್ತಾರೆ. ಫಲ ಅನಿಶ್ಚಿತವಾದಲ್ಲಿ ದಾಳ ಉರುಳುತ್ತದೆ. ಈ ಪ್ರಕಾರದ ಮೊದಲ ಪ್ರಕಟಿತ ಆಟವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 1974ರಲ್ಲಿ ಅಮೆರಿಕದಲ್ಲಿ ಹೊರಬಂದಿತು; ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅದರ ಕರ್ತೃಗಳು. ಇಲ್ಲಿ ಮೈದಾನವಾಗಲಿ ಅಂಕಣವಾಗಲಿ ಇಲ್ಲ, ಕಣ್ಣಿಗೆ ಕಾಣುವ ಏಟೂ ಇಲ್ಲ. ಇರುವುದು ಮಾತು ಮಾತ್ರ. ಕುಸ್ತಿಯಲ್ಲಿ ನಿಯಮದ ಮಾತು ಸಡಿಲವಾಗಿದ್ದರೂ ಬಿದ್ದವನು ಯಾರೆಂಬುದನ್ನು ಕಣ್ಣು ಹೇಳುತ್ತದೆ. ಪಾತ್ರಾಟದಲ್ಲಿ ಆ ಆಸರೆ ಇಲ್ಲದ ಕಾರಣ ನಿಯಮ ಹೇಗೆ ಬರೆಯಲ್ಪಟ್ಟಿದೆಯೋ ಹಾಗೆಯೇ ಆ ಜಗತ್ತು ಇರುತ್ತದೆ. ಆದ್ದರಿಂದ ವಾಕ್ಯರಚನೆಯ ಪ್ರಶ್ನೆಯನ್ನು ಪಂಡಿತರ ಹವ್ಯಾಸವೆಂದು ಬದಿಗೆ ಸರಿಸುವಂತಿಲ್ಲ.

ಬರಿಗೈಯನ್ನು ಕೊರತೆಯೆಂದು ಕಾಣುವ ದೃಷ್ಟಿ ಎಲ್ಲಿಂದ ಬಂತೆಂಬುದನ್ನು ಈ ಆಟದ ಹುಟ್ಟೇ ತಿಳಿಸುತ್ತದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬೆಳೆದದ್ದು ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ 1971ರಲ್ಲಿ ಪ್ರಕಟಿಸಿದ ಚೈನ್‌ಮೇಲ್ ಎಂಬ ಯುದ್ಧದಾಟದಿಂದ. ಪುಟ್ಟ ಸೈನಿಕರ ಬೊಂಬೆಗಳನ್ನು ಮೇಜಿನ ಮೇಲೆ ನಡೆಸಿ ಮಧ್ಯಯುಗದ ಯುರೋಪಿನ ಕದನಗಳನ್ನು ಆಡುವುದಕ್ಕಾಗಿ ಬರೆದ ಆ ಪುಸ್ತಕದಲ್ಲಿ ಸೈನಿಕನೆಂದರೆ ಅವನ ಆಯುಧ ಮತ್ತು ಅವನ ಕವಚ. ಇವೆರಡೂ ಇಲ್ಲದವನು ಲೆಕ್ಕಕ್ಕೆ ಬರುವುದಿಲ್ಲ. ಯುದ್ಧದ ನೆನಪು ಆಯುಧದ ನೆನಪಾಗಿರುವುದು ಪಶ್ಚಿಮಕ್ಕೆ ಮಾತ್ರ ಸೀಮಿತವಾದ ಸಂಗತಿಯಲ್ಲ. ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು, ಅಂಥ ನೂರಾರು ಕಲ್ಲುಗಳು ಕನ್ನಡ ನಾಡಿನಲ್ಲಿ ಕತ್ತಿ, ಬಿಲ್ಲು, ಈಟಿಗಳ ಕಾಳಗದಲ್ಲಿ ಮಡಿದವರನ್ನು ನೆನೆಯುತ್ತವೆ. ಆದರೆ ಈ ನಾಡು ಆಯುಧದ ಕಾಳಗವನ್ನು ಒಂದು ಕಡೆಯೂ ಮಲ್ಲಯುದ್ಧವನ್ನು ಇನ್ನೊಂದು ಕಡೆಯೂ ಇರಿಸಿ, ಎರಡಕ್ಕೂ ಅವುಗಳದೇ ಆದ ಕಟ್ಟಳೆಯನ್ನು ಬೆಳೆಸಿತು. ಚೈನ್‌ಮೇಲ್‌ನ ವಾರಸುದಾರರು ಮಾಡಿದ ತಪ್ಪು ಇಲ್ಲಿದೆ: ಅವರು ಮಲ್ಲನನ್ನು ಕೂಡ ಸೈನಿಕನ ಪಟ್ಟಿಯಲ್ಲೇ ಸೇರಿಸಿ, ಆಯುಧದ ಕಾಲಮಿನಲ್ಲಿ ಖಾಲಿ ಬಿಟ್ಟರು.

ಆ ಖಾಲಿಯನ್ನು ತುಂಬುವ ಪ್ರಯತ್ನಗಳ ಚರಿತ್ರೆ ಐದು ದಶಕಗಳಷ್ಟು ಉದ್ದವಾಗಿದೆ. 1979ರ ಡಂಜನ್ ಮಾಸ್ಟರ್ಸ್ ಗೈಡ್ ಗುದ್ದುವುದು, ಹಿಡಿಯುವುದು, ಮೈಮೇಲೆ ಬಿದ್ದು ಕೆಡವುವುದು ಎಂಬ ಮೂರಕ್ಕೆ ಮೂರು ಪ್ರತ್ಯೇಕ ಲೆಕ್ಕಗಳನ್ನು ಕೊಟ್ಟಿತು; ನೂರರ ಲೆಕ್ಕದ ದಾಳ, ಅದಕ್ಕೆ ಶಕ್ತಿ, ಚುರುಕು, ಕವಚಗಳ ಕೂಡು ಕಳೆ, ಕೊನೆಗೊಂದು ಫಲಿತಾಂಶದ ಕೋಷ್ಟಕ. ಕತ್ತಿಗೆ ಒಂದೇ ದಾಳ ಸಾಕಾಗಿದ್ದ ಆಟದಲ್ಲಿ ಕೈಗೆ ಇಷ್ಟು ಲೆಕ್ಕ ಬೇಕಾಯಿತು. 1985ರ ಅನ್‌ಅರ್ಥ್ಡ್ ಅರ್ಕಾನಾ ಎಂಬ ಪುಸ್ತಕ ಅದಕ್ಕೆ ಬದಲಿ ವಿಧಾನಗಳನ್ನು ಅನುಬಂಧದಲ್ಲಿ ಸೇರಿಸಿತು. 2000ದಲ್ಲಿ ಬಂದ ಮೂರನೆಯ ಆವೃತ್ತಿಯಲ್ಲಿ ಒಬ್ಬನನ್ನು ಹಿಡಿದುಕೊಳ್ಳುವುದಕ್ಕೆ ನಾಲ್ಕು ಹಂತಗಳಾದವು: ಹಿಡಿಯಲು ಹೋದವನಿಗೆ ಎದುರಾಳಿ ಮೊದಲು ಒಂದು ಏಟು ಕೊಡಬಹುದು, ಆ ಮೇಲೆ ಮುಟ್ಟಿದ್ದಕ್ಕೆ ಒಂದು ದಾಳ, ಹಿಡಿತಕ್ಕೆ ಇಬ್ಬರೂ ಉರುಳಿಸುವ ಇನ್ನೊಂದು ದಾಳ, ಹಿಡಿತ ಉಳಿಸಿಕೊಳ್ಳಲು ಎದುರಾಳಿಯ ಜಾಗಕ್ಕೆ ಸರಿಯಬೇಕಾದ ನಾಲ್ಕನೆಯ ಹೆಜ್ಜೆ. ಈ ಪುಟಗಳನ್ನು ಓದಿ ಬೇಸತ್ತವರು ಬರಿಗೈ ಕಾಳಗವೇ ಹೀಗೆ ಎಂದು ತೀರ್ಮಾನಿಸಿದರು. ಅವರು ನೋಡದೆ ಬಿಟ್ಟದ್ದು ಈ ಎಲ್ಲ ಹಂತಗಳಿಗೂ ಸಮಾನವಾದ ಒಂದು ಅಂಶವನ್ನು. ಪ್ರತಿ ಹಂತವೂ ಆಯುಧದ ಏಟಿಗೆ ಬರೆದ ಸಾಮಾನ್ಯ ನಿಯಮದಿಂದ ಹಿಡಿತವನ್ನು ಬೇರ್ಪಡಿಸಲು ಹಾಕಿದ ತೇಪೆ. ಹಿಡಿತ ಏತಕ್ಕಾಗಿ, ಅದು ಯಾವಾಗ ಮುಗಿಯುತ್ತದೆ ಎಂಬ ಮಾತು ಮಾತ್ರ ಎಲ್ಲಿಯೂ ಮೊದಲು ಬರುವುದಿಲ್ಲ.

ಮಾತಿನ ಗೊಂದಲ ಅತ್ಯಂತ ಸ್ಪಷ್ಟವಾಗಿ ಕಾಣುವುದು 2014ರ ಐದನೆಯ ಆವೃತ್ತಿಯಲ್ಲಿ. ಅದರ ಮೊದಲ ಮುದ್ರಣದಲ್ಲಿ ಬರಿಗೈ ಏಟು, ಅಂದರೆ ಅನ್‌ಆರ್ಮ್ಡ್ ಸ್ಟ್ರೈಕ್, ಆಯುಧಗಳ ಪಟ್ಟಿಯಲ್ಲೇ ಕತ್ತಿ, ಕೊಡಲಿಗಳ ಜೊತೆ ಇತ್ತು. ಬಳಿಕ ಬಂದ ತಿದ್ದುಪಡಿ ಅದನ್ನು ಆ ಪಟ್ಟಿಯಿಂದ ತೆಗೆದುಹಾಕಿತು. ತೆಗೆದುಹಾಕಿದ ಮೇಲೆ ಬರಿಗೈ ಆಯುಧವಲ್ಲ ಎಂದಾಯಿತು. ಆದರೆ ಸಮೀಪದ ಏಟಿಗೆ ಪುಸ್ತಕ ಇಟ್ಟ ಹೆಸರು ಮೀಲಿ ವೆಪನ್ ಅಟ್ಯಾಕ್, ಅಂದರೆ ಹತ್ತಿರದ ಆಯುಧದ ದಾಳಿ. ಮುಷ್ಟಿಯ ಏಟೂ ಇದೇ ವರ್ಗಕ್ಕೆ ಸೇರುತ್ತದೆ. ಹೀಗಾಗಿ ಮುಷ್ಟಿಯಿಂದ ಹೊಡೆದವನು ಆಯುಧದ ದಾಳಿ ಮಾಡಿದನು, ಆದರೆ ಆಯುಧದಿಂದ ದಾಳಿ ಮಾಡಲಿಲ್ಲ ಎಂಬ ಸ್ಥಿತಿ ನಿರ್ಮಾಣವಾಯಿತು. ಒಂದು ನಿಯಮ ಮೊದಲ ಪದಗುಚ್ಛವನ್ನು ಬಳಸಿದರೆ ಮುಷ್ಟಿಗೆ ಅನ್ವಯ, ಎರಡನೆಯದನ್ನು ಬಳಸಿದರೆ ಅನ್ವಯವಿಲ್ಲ. ಪಾಲಡಿನ್ ಎಂಬ ಧರ್ಮಯೋಧನ ಡಿವೈನ್ ಸ್ಮೈಟ್ ಶಕ್ತಿಯ ವಿವರಣೆ ಮೊದಲ ಗುಚ್ಛದಿಂದ ಆರಂಭವಾಗಿ, ಆಯುಧದ ಹಾನಿಯ ಜೊತೆಗೆ ಇಷ್ಟು ಹಾನಿ ಎಂದು ಮುಗಿಯುತ್ತಿತ್ತು. ವಾಕ್ಯದ ಮೊದಲರ್ಧ ಮುಷ್ಟಿಯನ್ನು ಒಳಗೆ ಬಿಟ್ಟರೆ ಎರಡನೆಯರ್ಧ ಹೊರಗೆ ಹಾಕುತ್ತಿತ್ತು. ಪ್ರಕಾಶಕರು ಅಧಿಕೃತ ಉತ್ತರ ಕೊಟ್ಟು ಇದು ಮುಷ್ಟಿಗೆ ಸಲ್ಲದು ಎಂದರು. 2024ರ ಪರಿಷ್ಕೃತ ಪುಸ್ತಕದಲ್ಲಿ ಅದೇ ಶಕ್ತಿ ಆಯುಧದ ಏಟಿಗೂ ಬರಿಗೈ ಏಟಿಗೂ ಸಲ್ಲುತ್ತದೆಂದು ನೇರವಾಗಿ ಬರೆಯಲಾಯಿತು. ಹತ್ತು ವರ್ಷಗಳ ಜಿಜ್ಞಾಸೆ ಒಂದು ಸರಳ ವಾಕ್ಯದಿಂದ ಮುಗಿಯಿತೆಂದ ಮೇಲೆ, ಆ ಹತ್ತು ವರ್ಷಗಳ ತೊಡಕಿಗೆ ಕಾಳಗದ ಸ್ವರೂಪ ಕಾರಣವೆನ್ನುವುದು ಹೇಗೆ?

ಇದು ಒಂದು ಆವೃತ್ತಿಯ ಅಥವಾ ಒಂದು ಸಂಸ್ಥೆಯ ದೋಷವಲ್ಲ. ಅದೇ ಆಟದ 2003ರ ಮೂರೂವರೆ ಆವೃತ್ತಿಯಲ್ಲಿ ಬರಿಗೈ ಏಟು ಸರಳ ಆಯುಧಗಳ ಪಟ್ಟಿಯಲ್ಲಿತ್ತು. ಬರಿಗೈ ಕಾಳಗದಲ್ಲೇ ನುರಿತ ಮಾಂಕ್ ಎಂಬ ಸನ್ಯಾಸಿಯೋಧನಿಗೆ ಬಳಕೆ ತಿಳಿದಿರುವ ಆಯುಧಗಳನ್ನು ಒಂದೊಂದಾಗಿ ಹೆಸರಿಸುವಾಗ ಆ ಪಟ್ಟಿಯಲ್ಲಿ ಬರಿಗೈ ಸೇರಿರಲಿಲ್ಲ. ಅಕ್ಷರಶಃ ಓದಿದರೆ ಮುಷ್ಟಿಯುದ್ಧದ ಆಚಾರ್ಯನಿಗೆ ತನ್ನ ಮುಷ್ಟಿಯನ್ನು ಬಳಸಲು ಬರುವುದಿಲ್ಲ ಎಂಬ ಅರ್ಥ ಹೊರಡುತ್ತಿತ್ತು. ಅದೇ ಪುಸ್ತಕ ಅವನ ಏಟನ್ನು ಮಂತ್ರಗಳ ಮಟ್ಟಿಗೆ ತಯಾರಿಸಿದ ಆಯುಧವೆಂದೂ ಹುಟ್ಟುಗುಣದ ಆಯುಧವೆಂದೂ ಒಟ್ಟೊಟ್ಟಿಗೆ ಪರಿಗಣಿಸಬೇಕೆಂದು ಹೇಳಿತು. ಪಾತ್‌ಫೈಂಡರ್ ಆಟದ 2019ರ ಎರಡನೆಯ ಆವೃತ್ತಿ ಬರಿಗೈ ದಾಳಿ ಆಯುಧವಲ್ಲವೆಂದು ಸ್ಪಷ್ಟವಾಗಿ ಸಾರಿಯೂ, ವರ್ಗೀಕರಣಕ್ಕಾಗಿ ಅದನ್ನು ಆಯುಧಗಳ ಗುಂಪಿನಲ್ಲೇ ಇರಿಸಿ ಆಯುಧದ ಲಕ್ಷಣಗಳನ್ನೇ ಅದಕ್ಕೆ ಅಂಟಿಸಿತು. ಬರಿಗೈ ಆಯುಧ ಹೌದೋ ಅಲ್ಲವೋ ಎಂಬ ಪ್ರಶ್ನೆಗೆ ಯಾವ ಉತ್ತರ ಕೊಟ್ಟರೂ ಪಟ್ಟಿಗಳು ಮುರಿಯುತ್ತವೆ, ಏಕೆಂದರೆ ಆ ಪ್ರಶ್ನೆಯೇ ತಪ್ಪು ಪ್ರಶ್ನೆ.

ಆಯುಧದ ವ್ಯಾಕರಣದಿಂದಾಗುವ ದೊಡ್ಡ ನಷ್ಟ ಪದಗಳ ಜಗಳವಲ್ಲ, ಕಾಳಗದ ಅರ್ಥವೇ ಕಳೆದುಹೋಗುವುದು. ಕತ್ತಿಯ ಫಲ ಹಾನಿ; ಆದ್ದರಿಂದ ಕತ್ತಿಗೆ ಬರೆದ ನಿಯಮ ಹಾನಿಯ ಅಂಕಿಯನ್ನು ಹುಡುಕುತ್ತದೆ. 2014ರ ಪುಸ್ತಕದ ಪ್ರಕಾರ ಬರಿಗೈ ಏಟಿನ ಹಾನಿ ಒಂದಕ್ಕೆ ಶಕ್ತಿಯ ಹೆಚ್ಚಳವನ್ನು ಕೂಡಿಸಿದಷ್ಟು. ಉದ್ದನೆಯ ಕತ್ತಿಗೆ ಎಂಟು ಮುಖದ ದಾಳವಿದ್ದರೆ ಮುಷ್ಟಿಗೆ ದಾಳವೇ ಇಲ್ಲ. ಹಿಡಿತದ ನಿಯಮ ಇನ್ನೂ ಬಡವಾದುದು. ಹಿಡಿಯಲ್ಪಟ್ಟವನ ನಡಿಗೆಯ ವೇಗ ಸೊನ್ನೆಯಾಗುತ್ತದೆ, ಅಷ್ಟೇ. ಬಲಿಷ್ಠ ಪೈಲ್ವಾನನೊಬ್ಬನ ತೋಳುಗಳಲ್ಲಿ ಸಿಕ್ಕಿದವನು ಯಾವ ಅಡೆತಡೆಯೂ ಇಲ್ಲದೆ ಕತ್ತಿ ಬೀಸಬಹುದು, ಕೈಸನ್ನೆ ಬೇಕಾದ ಮಂತ್ರವನ್ನೂ ಪ್ರಯೋಗಿಸಬಹುದು. ನೆಲಕ್ಕೆ ಒತ್ತಿ ಅಲುಗದಂತೆ ಮಾಡಬೇಕಾದರೆ ಗ್ರ್ಯಾಪ್ಲರ್ ಎಂಬ ವಿಶೇಷ ಪರಿಣತಿ ಬೇಕು. ಅದು ಇದ್ದರೂ ಒತ್ತಿ ಹಿಡಿದವನು ಕೂಡ ಹಿಡಿಯಲ್ಪಟ್ಟವನಷ್ಟೇ ಕಟ್ಟುಬೀಳುತ್ತಾನೆ. ನೂಕಿ ಕೆಡವುವ ನಿಯಮವನ್ನೂ ಹಿಡಿಯುವ ನಿಯಮವನ್ನೂ ಜೋಡಿಸಿ ಎದುರಾಳಿ ಏಳದಂತೆ ಮಾಡಬಹುದು ಎಂದು ಜಾಣ ಆಟಗಾರರು ತೋರಿಸಿಕೊಟ್ಟಿದ್ದಾರೆ. ಆದರೆ ಮಲ್ಲಯುದ್ಧದ ಕೇಂದ್ರವೇ ಆದ ಸಂಗತಿ ಎರಡು ನಿಯಮಗಳ ಸಂದಿಯಿಂದ ಹೆಕ್ಕಿ ತೆಗೆಯಬೇಕಾದ ಜಾಣ್ಮೆಯಾಗಿ ಉಳಿದದ್ದು ಬರೆದವರ ಸೋಲು.

ಈಗ ಕರ್ನಾಟಕದ ಗರಡಿಯತ್ತ ನೋಡಬೇಕು. ನಾಡಕುಸ್ತಿಯ ನಿಯಮ ಅಂತ್ಯದಿಂದ ಆರಂಭವಾಗುತ್ತದೆ. ಎದುರಾಳಿಯ ಬೆನ್ನು ಮಟ್ಟಿಗೆ ತಾಗಿಸಿ ಚಿತ್ ಮಾಡಿದವನು ಗೆದ್ದ. ಉಳಿದ ಪಟ್ಟುಗಳೆಲ್ಲ ಆ ಗುರಿಗೆ ಹೋಗುವ ದಾರಿಗಳು. ಮೈಸೂರು ದಸರೆಯಲ್ಲಿ ದೊಡ್ಡಕೆರೆ ಮೈದಾನದ ಸಾಹುಕಾರ್ ಚನ್ನಯ್ಯ ಅಖಾಡದಲ್ಲಿ ನಡೆಯುವ ಕುಸ್ತಿಗೆ ಮೊದಲು ಜೋಡಿ ಕಟ್ಟುವ ಕಾರ್ಯ ನಡೆಯುತ್ತದೆ, ಅಂದರೆ ಯಾರಿಗೆ ಯಾರು ಸಮವೆಂದು ಮೊದಲೇ ನಿಶ್ಚಯಿಸಲಾಗುತ್ತದೆ. ಅಂಕಗಳ ಲೆಕ್ಕವಿಲ್ಲದೆ ಸೋಲು ಗೆಲುವು ತೀರುವವರೆಗೆ ಸಾಗುವ ಸೆಣಸನ್ನು ಮಾರ್ಫಿಟ್ ಕುಸ್ತಿ ಎನ್ನುತ್ತಾರೆ. ಅಂತರರಾಷ್ಟ್ರೀಯ ಕುಸ್ತಿಯ ನಿಯಮಾವಳಿ ಇದಕ್ಕಿಂತ ವಿಸ್ತಾರವಾಗಿದ್ದರೂ ಕ್ರಮ ಅದೇ: ಎರಡೂ ಭುಜಗಳನ್ನು ಮ್ಯಾಟಿಗೆ ಒತ್ತಿ ಹಿಡಿದರೆ ಪಂದ್ಯ ಅಲ್ಲಿಗೆ ಮುಗಿಯಿತು, ಫ್ರೀಸ್ಟೈಲಿನಲ್ಲಿ 10 ಅಂಕಗಳ, ಗ್ರೀಕೋ ರೋಮನ್‌ನಲ್ಲಿ 8 ಅಂಕಗಳ ಅಂತರ ಬಂದರೂ ಮುಗಿಯಿತು, ಗ್ರೀಕೋ ರೋಮನ್ ಶೈಲಿಯಲ್ಲಿ ಸೊಂಟದಿಂದ ಕೆಳಗೆ ಹಿಡಿಯುವಂತಿಲ್ಲ. ಗುರಿ, ಮುಕ್ತಾಯ, ನಿಷೇಧ ಈ ಮೂರನ್ನು ಹೇಳಿದೊಡನೆ ನೂರಾರು ಪಟ್ಟುಗಳ ಕಾಳಗವೂ ನಿಯಮಕ್ಕೆ ಒಳಪಟ್ಟಿತು. ಪ್ರತಿ ಪಟ್ಟಿಗೂ ಕೋಷ್ಟಕ ಬೇಕೆಂದು ಯಾವ ಉಸ್ತಾದನೂ ಕೇಳಲಿಲ್ಲ.

ಈ ವಿವೇಕ ಇತ್ತೀಚಿನದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸ ಅರಸನ ವಿನೋದಗಳನ್ನು ವಿವರಿಸುವಲ್ಲಿ ಮಲ್ಲವಿನೋದಕ್ಕೆ ಒಂದು ಅಧ್ಯಾಯವನ್ನು ಮೀಸಲಿಟ್ಟಿದೆ. ಇಂದಿನ ಬಸವಕಲ್ಯಾಣದಿಂದ ಆಳಿದ ಆ ದೊರೆ ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳ ಮೇಲೆ ವಿಂಗಡಿಸುತ್ತಾನೆ, ಅವರ ಸಾಮು ಮತ್ತು ಆಹಾರಗಳನ್ನು ಹೇಳುತ್ತಾನೆ. ಇಲ್ಲಿ ಮಲ್ಲನ ವಿವರಣೆ ಅವನ ದೇಹದಿಂದಲೇ ಆರಂಭವಾಗುತ್ತದೆ. ಅವನ ಕೈಯಲ್ಲಿ ಏನಿಲ್ಲವೆಂಬುದು ಮುಖ್ಯವಾಗುವುದಿಲ್ಲ. ಒಂಬೈನೂರು ವರ್ಷಗಳ ಹಿಂದೆ ಬರೆದ ಗ್ರಂಥವೊಂದು ಹಿಡಿದ ಕ್ರಮವನ್ನು ಇಂದಿನ ಆಟಗಳ ಕರ್ತೃಗಳು ಅಸಾಧ್ಯವೆಂದು ಸಾರುವುದು ಒಪ್ಪತಕ್ಕ ಮಾತಲ್ಲ.

ಆಯುಧ ಮತ್ತು ಬರಿಗೈಗಳ ನಡುವೆ ಗೆರೆ ಎಳೆಯದಿದ್ದರೆ ನಿಯಮ ನಿಲ್ಲದೆಂಬ ನಂಬಿಕೆಯನ್ನು ಮೈಸೂರಿನ ವಜ್ರಮುಷ್ಟಿ ಕಾಳಗ ಸುಳ್ಳಾಗಿಸುತ್ತದೆ. ವಿಜಯದಶಮಿಯ ದಿನ, ಜಂಬೂಸವಾರಿಗೆ ಮುಂಚೆ, ಅರಮನೆಯ ಅಂಗಳದಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ಬೆರಳುಗಳಿಗೆ ಮುಳ್ಳಿನಂಥ ಮೊನೆಗಳುಳ್ಳ ವಜ್ರಮುಷ್ಟಿಯನ್ನು ಧರಿಸಿ ಸೆಣಸುತ್ತಾರೆ. ಒಬ್ಬನ ತಲೆಯಿಂದ ಮೊದಲ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯುತ್ತದೆ. ವಜ್ರಮುಷ್ಟಿ ಆಯುಧವೋ ಕೈಯ ಭಾಗವೋ ಎಂಬ ಚರ್ಚೆಗೆ ಅಲ್ಲಿ ಅವಕಾಶವೇ ಇಲ್ಲ, ಏಕೆಂದರೆ ನಿಯಮ ಆ ಪ್ರಶ್ನೆಯನ್ನು ಅವಲಂಬಿಸಿಲ್ಲ; ಅದು ಅವಲಂಬಿಸಿರುವುದು ಎಲ್ಲರ ಕಣ್ಣಿಗೂ ಕಾಣುವ ಒಂದು ಅಂತ್ಯವನ್ನು. ಇದಕ್ಕೆ ಪ್ರತಿಯಾಗಿ ಮೂರೂವರೆ ಆವೃತ್ತಿಯ ಲೋಹದ ಕೈಗವಸನ್ನು ನೋಡಬಹುದು. ಅದು ಆಯುಧಗಳ ಪಟ್ಟಿಯಲ್ಲಿದೆ, ಅದನ್ನು ತೊಟ್ಟು ಹೊಡೆದರೆ ಪ್ರಾಣಾಂತಿಕ ಹಾನಿಯಾಗುತ್ತದೆ, ಆದರೂ ಆ ಏಟನ್ನು ಉಳಿದೆಲ್ಲ ವಿಷಯಗಳಲ್ಲಿ ಬರಿಗೈ ದಾಳಿ ಎಂದೇ ಪರಿಗಣಿಸಬೇಕೆಂದು ಪುಸ್ತಕ ವಿಧಿಸುತ್ತದೆ. ಒಂದೇ ವಸ್ತುವಿನ ಬಗ್ಗೆ ಎರಡು ವಿರುದ್ಧ ವರ್ಗಗಳನ್ನು ಒಪ್ಪಿಕೊಳ್ಳಬೇಕಾಗಿ ಬಂದದ್ದು ಗೆರೆಯನ್ನು ತಪ್ಪು ಜಾಗದಲ್ಲಿ ಎಳೆದದ್ದರಿಂದ.

ಏಳು ಜನ ಒಬ್ಬನ ಮೇಲೆ ಬೀಳುವ ಗೊಂದಲವನ್ನು ಕೂಡ ನಿಯಮ ಹಿಡಿದಿಡಬಲ್ಲದೆಂಬುದಕ್ಕೆ ಕಬಡ್ಡಿಗಿಂತ ದೊಡ್ಡ ನಿದರ್ಶನ ಬೇಕಿಲ್ಲ. ಬೆಂಗಳೂರು ಬುಲ್ಸ್ ತಂಡ 2019ರ ಜನವರಿಯಲ್ಲಿ ಪ್ರೊ ಕಬಡ್ಡಿಯ ಆರನೆಯ ಆವೃತ್ತಿಯನ್ನು ಗೆದ್ದ ಮೇಲೆ ಈ ಆಟದ ನಿಯಮಗಳು ನಗರದ ಮಕ್ಕಳಿಗೂ ಬಾಯಿಪಾಠವಾಗಿವೆ. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ದಾಳಿಗಾರನಿಗೆ 30 ಸೆಕೆಂಡು. ಅವನು ಎದುರಾಳಿಯನ್ನು ಮುಟ್ಟಿ ಮಧ್ಯರೇಖೆ ತಲುಪಿದರೆ ಮುಟ್ಟಿಸಿಕೊಂಡವರು ಔಟ್. ತಲುಪದಂತೆ ತಡೆದರೆ ಅವನು ಔಟ್. ಮೈ ಸೋಕಿದ ಕ್ಷಣದಿಂದ ಅಂಕಣದ ಎರಡೂ ಬದಿಯ ಲಾಬಿ ಎಂಬ ಪಟ್ಟಿಗಳು ಆಟದ ಜಾಗವಾಗಿ ಸೇರಿಕೊಳ್ಳುತ್ತವೆ, ಹಾಗಾಗಿ ಹೆಣಗಾಟ ಬದಿಗೆ ಜಾರಿದರೂ ನಿಯಮ ಕೈಬಿಡುವುದಿಲ್ಲ. ಹಿಡಿಯುವವರು ಕೈಕಾಲು ಮತ್ತು ಮುಂಡವನ್ನು ಮಾತ್ರ ಹಿಡಿಯಬೇಕು, ಬಾಯಿ ಮುಚ್ಚುವಂತಿಲ್ಲ, ಕಾಲುಗಳಿಂದ ಕತ್ತರಿ ಹಾಕುವಂತಿಲ್ಲ. ಬೆರಳ ತುದಿಯೊಂದು ಗೆರೆ ತಾಗಿದರೆ ಸಾಕು, ಏಳು ಜನರ ಹಿಡಿತವೂ ವ್ಯರ್ಥ. ಯಾವ ಪಟ್ಟು, ಎಷ್ಟು ಬಲ, ಯಾರ ಕೈ ಎಲ್ಲಿತ್ತು ಎಂಬ ಅಸಂಖ್ಯ ವಿವರಗಳನ್ನು ಈ ನಿಯಮ ಆಟಗಾರರ ದೇಹಕ್ಕೆ ಬಿಟ್ಟು, ಫಲವನ್ನು ಮಾತ್ರ ತನ್ನ ವಶದಲ್ಲಿ ಇಟ್ಟುಕೊಂಡಿದೆ. ದಾಳಕ್ಕೆ ಬಿಡಬೇಕಾದ್ದನ್ನು ದಾಳಕ್ಕೆ ಬಿಟ್ಟು, ಫಲವನ್ನು ಸ್ಪಷ್ಟವಾಗಿ ಬರೆಯುವುದು ಪಾತ್ರಾಟಕ್ಕೂ ಸಾಧ್ಯ.

ಕಥೆಯೊಳಗಿನ ಕಾಳಗಕ್ಕೆ ಆಟದ ಮೈದಾನದ ನಿಯಮ ಸಲ್ಲದು ಎನ್ನುವವರಿಗೆ ಕಥೆಯಿಂದಲೇ ಉತ್ತರವಿದೆ. ಪಂಪನು 941ರಲ್ಲಿ ರಚಿಸಿದ ಆದಿಪುರಾಣದಲ್ಲಿ ಭರತ ಮತ್ತು ಬಾಹುಬಲಿಯರ ಸೇನೆಗಳು ಎದುರಾದಾಗ, ವ್ಯರ್ಥ ರಕ್ತಪಾತ ಬೇಡವೆಂದು ಮಂತ್ರಿಗಳು ಸೂಚಿಸುವುದು ಮೂರು ನಿರಾಯುಧ ಸ್ಪರ್ಧೆಗಳನ್ನು. ದೃಷ್ಟಿಯುದ್ಧದಲ್ಲಿ ಎವೆಯಿಕ್ಕಿದವನಿಗೆ ಸೋಲು. ಜಲಯುದ್ಧದಲ್ಲಿ ಮುಖಕ್ಕೆರಚಿದ ನೀರನ್ನು ತಾಳಲಾರದವನಿಗೆ ಸೋಲು. ಮಲ್ಲಯುದ್ಧದಲ್ಲಿ ಎದುರಾಳಿಯ ಕೈಗೆ ಸಿಕ್ಕಿಬಿದ್ದವನಿಗೆ ಸೋಲು. ಮೂರರಲ್ಲೂ ಗೆದ್ದ ಬಾಹುಬಲಿ ಅಣ್ಣನನ್ನು ಎತ್ತಿ ಹಿಡಿದೂ ನೆಲಕ್ಕೆ ಅಪ್ಪಳಿಸುವುದಿಲ್ಲ. ಅವಮಾನ ತಾಳಲಾರದ ಭರತ ಚಕ್ರವನ್ನು ಪ್ರಯೋಗಿಸಿ ಒಪ್ಪಂದ ಮುರಿಯುತ್ತಾನೆ, ಆ ಚಕ್ರ ತಮ್ಮನಿಗೆ ಏನೂ ಮಾಡದೆ ನಿಲ್ಲುತ್ತದೆ. ಇಡೀ ಪ್ರಸಂಗದ ನೈತಿಕ ಭಾರ ನಿಂತಿರುವುದು ಬರಿಗೈ ಕಾಳಗದ ನಿಯಮ ಸ್ಪಷ್ಟವಾಗಿತ್ತು ಎಂಬುದರ ಮೇಲೆ. ಗೆಲುವು ಯಾವಾಗ ಸಂದಿತೆಂಬುದು ಖಚಿತವಾಗಿ ತಿಳಿದಿದ್ದರಿಂದಲೇ ಬಾಹುಬಲಿಯ ಸಂಯಮವನ್ನೂ ಭರತನ ತಪ್ಪನ್ನೂ ಓದುಗ ಗುರುತಿಸುತ್ತಾನೆ. ಹಾನಿಯ ಅಂಕಿ ಮಾತ್ರ ಇರುವ ನಿಯಮದಲ್ಲಿ ಎತ್ತಿ ಹಿಡಿದು ಇಳಿಸುವುದಕ್ಕೆ ಅರ್ಥವೇ ಹುಟ್ಟುವುದಿಲ್ಲ. ಅಲ್ಲಿ ಅದು ಹಾನಿ ಮಾಡದೆ ಕಳೆದ ಒಂದು ಸರದಿ.

ಪ್ರಚಲಿತ ಅಭಿಪ್ರಾಯವನ್ನು ಸಮರ್ಥಿಸುವವರು ಮುಖ್ಯವಾಗಿ ಮೂರು ವಾದಗಳನ್ನು ಮುಂದಿಡುತ್ತಾರೆ. ಮೊದಲನೆಯದು ವಾಸ್ತವಿಕತೆಯ ವಾದ. ಕತ್ತಿ ಹಿಡಿದವನ ಮುಂದೆ ಬರಿಗೈಯವನು ದುರ್ಬಲ, ಆದ್ದರಿಂದ ನಿಯಮದಲ್ಲೂ ಅವನು ದುರ್ಬಲನಾಗಿರುವುದು ಸರಿ ಎನ್ನುತ್ತದೆ ಅದು. ದುರ್ಬಲನಾಗಿರಲಿ, ಅದಕ್ಕೆ ಯಾರ ಆಕ್ಷೇಪವೂ ಇಲ್ಲ. ಕತ್ತಿಯ ಎಟಕು ಕೈಗಿಂತ ದೊಡ್ಡದು, ಹತ್ತಿರ ಬರುವವನು ಏಟು ತಿನ್ನುವ ಅಪಾಯವಿದೆ ಎಂದು ನಿಯಮ ಬರೆದರೆ ಆ ದೌರ್ಬಲ್ಯ ನ್ಯಾಯವಾಗಿ ಬಂದಂತಾಗುತ್ತದೆ. ಆದರೆ ಆ ಅಪಾಯವನ್ನು ದಾಟಿ ಒಳನುಗ್ಗಿ, ಕತ್ತಿ ಹಿಡಿದ ಕೈಯನ್ನೇ ಅದುಮಿ ಹಿಡಿದ ಮೇಲೂ ಆ ಕತ್ತಿ ಮೊದಲಿನಂತೆಯೇ ಬೀಸಬಹುದು ಎನ್ನುವ ನಿಯಮವನ್ನು ವಾಸ್ತವಿಕತೆಯ ಹೆಸರಿನಲ್ಲಿ ಸಮರ್ಥಿಸಲಾಗದು. 2024ರ ಪುಸ್ತಕ ಹಿಡಿಯಲ್ಪಟ್ಟವನು ಹಿಡಿದವನನ್ನು ಬಿಟ್ಟು ಬೇರೆಯವರ ಮೇಲೆ ಮಾಡುವ ದಾಳಿಗೆ ಅನನುಕೂಲ ವಿಧಿಸಿ ಸ್ವಲ್ಪ ಸರಿಪಡಿಸಿದೆ. ಹಿಡಿದವನ ಮೇಲಿನ ಏಟಿಗೆ ಮಾತ್ರ ಇನ್ನೂ ತಡೆಯಿಲ್ಲ.

ಎರಡನೆಯದು ತೀರ್ಪುಗಾರರ ವಾದ. ಆಟ ನಡೆಸುವವರು ಸಂದರ್ಭ ನೋಡಿ ತೀರ್ಮಾನಿಸುತ್ತಾರೆ, ಆದ್ದರಿಂದ ವಾಕ್ಯ ಹೇಗಿದ್ದರೇನು ಎಂಬ ಈ ಮಾತು ಉದಾರವಾಗಿ ಕೇಳಿಸಿದರೂ ಮೇಜಿನ ಮೇಲೆ ಅನ್ಯಾಯವನ್ನೇ ತರುತ್ತದೆ. ಹದಿನಾರನೆಯ ಶತಮಾನದಲ್ಲಿ ವಿಜಯನಗರದ ಮಹಾನವಮಿಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಅಲ್ಲಿನ ಮಲ್ಲರಿಗೆ ತೀರ್ಪುಗಾರರಿದ್ದರೆಂದೂ, ಕಣದಲ್ಲಿ ಇಬ್ಬರನ್ನೂ ಸಮಸ್ಥಿತಿಯಲ್ಲಿ ನಿಲ್ಲಿಸುವುದು, ಗೆದ್ದವನಿಗೆ ಸಲ್ಲಬೇಕಾದ ಗೌರವವನ್ನು ನಿರ್ಧರಿಸುವುದು ಅವರ ಕೆಲಸವೆಂದೂ ದಾಖಲಿಸಿದ್ದಾನೆ. ತೀರ್ಪುಗಾರನ ಸ್ಥಾನ ಅದು. ಹಿಡಿತವೆಂದರೇನು, ಗುದ್ದೆಂದರೇನು ಎಂಬ ಮೂಲವನ್ನೇ ಅವನು ಆ ಕ್ಷಣದಲ್ಲಿ ಸೃಷ್ಟಿಸಬೇಕಾದರೆ ಗೆಲುವು ಸಿಗುವುದು ಚೆನ್ನಾಗಿ ವಾದಿಸಬಲ್ಲವನಿಗೆ. ಬೆಂಗಳೂರಿನಲ್ಲಿ ಈ ಅನ್ಯಾಯಕ್ಕೆ ಇನ್ನೊಂದು ಮುಖವಿದೆ. ಇಲ್ಲಿನ ಮೇಜುಗಳಲ್ಲಿ ಮಾತು ಕನ್ನಡ, ಹಿಂದಿ, ತಮಿಳು, ತೆಲುಗುಗಳಲ್ಲಿ ಓಡಾಡುತ್ತದೆ, ಪುಸ್ತಕ ಮಾತ್ರ ಇಂಗ್ಲಿಷಿನಲ್ಲಿರುತ್ತದೆ; ಆಯುಧದ ದಾಳಿಗೂ ಆಯುಧದಿಂದ ಮಾಡಿದ ದಾಳಿಗೂ ಇರುವ ಸೂಕ್ಷ್ಮವನ್ನು ಇಂಗ್ಲಿಷಿನ ಪದಜೋಡಣೆಯಲ್ಲಿ ಪಳಗಿದವನು ತನ್ನ ಪಾತ್ರಕ್ಕೆ ಅನುಕೂಲವಾಗಿ ಬಿಡಿಸುತ್ತಾನೆ, ಉಳಿದವರು ಸುಮ್ಮನಾಗುತ್ತಾರೆ. ಅಸ್ಪಷ್ಟ ನಿಯಮ ಎಲ್ಲರಿಗೂ ಸಮಾನವಾಗಿ ಅಸ್ಪಷ್ಟವಾಗಿರುವುದಿಲ್ಲ.

ಮೂರನೆಯದು ಪರಿಣತನ ವಾದ. ಬರಿಗೈ ಕಾಳಗ ಬೇಕಾದವರಿಗೆ ಮಾಂಕ್ ಎಂಬ ವರ್ಗವಿದೆಯಲ್ಲ ಎಂದು ಕೇಳಲಾಗುತ್ತದೆ. 1975ರ ಬ್ಲ್ಯಾಕ್‌ಮೂರ್ ಎಂಬ ಪುರವಣಿಯಲ್ಲಿ ಮೊದಲು ಕಾಣಿಸಿಕೊಂಡ ಈ ವರ್ಗ ಪೂರ್ವ ಏಷ್ಯಾದ ಸಮರಕಲೆಗಳ ಬಗ್ಗೆ ಪಶ್ಚಿಮದಲ್ಲಿದ್ದ ಕಲ್ಪನೆಯ ಕೂಸು. ಅದು ಬರಿಗೈಯನ್ನು ನಿಗೂಢ ಸಿದ್ಧಿಯನ್ನಾಗಿಸಿ, ಸಿದ್ಧಿ ಇಲ್ಲದ ಎಲ್ಲರನ್ನೂ ಕೈಯಿಲ್ಲದವರನ್ನಾಗಿಸಿತು. ಕರ್ನಾಟಕದ ಪೈಲ್ವಾನರು ಬೇಸಾಯಗಾರರು, ಕೂಲಿಕಾರರು, ಅಂಗಡಿಯವರು. ಊರಿನ ಗರಡಿ ಮನೆಯಲ್ಲಿ ಬೆಳಗ್ಗೆ ಸಾಮು ಮಾಡಿ ಹೊಲಕ್ಕೋ ಕೆಲಸಕ್ಕೋ ಹೋದವರು. ದೇಹದ ಬಲ ಮತ್ತು ಅಭ್ಯಾಸ ಯಾರಿಗೂ ಸಾಧ್ಯವಾದ ಸಂಪತ್ತು. ಅದನ್ನು ಒಂದು ವರ್ಗದ ಸ್ವತ್ತಾಗಿ ಬರೆದದ್ದು ಸಾಮಾನ್ಯ ನಿಯಮವನ್ನು ಸರಿಯಾಗಿ ಬರೆಯದೆ ಹೋದದ್ದಕ್ಕೆ ಕೊಟ್ಟ ಪರಿಹಾರಧನವೇ ಹೊರತು ಪರಿಹಾರವಲ್ಲ.

ಸರಿಯಾಗಿ ಬರೆದವರು ಪಾತ್ರಾಟದ ಲೋಕದಲ್ಲೇ ಇದ್ದಾರೆಂಬುದು ಪ್ರಚಲಿತ ಅಭಿಪ್ರಾಯಕ್ಕೆ ಬೀಳುವ ಕೊನೆಯ ಏಟು. ಕಾಲ್ ಆಫ್ ಕ್ತುಲ್ಹು ಆಟದ ಏಳನೆಯ ಆವೃತ್ತಿಯಲ್ಲಿ ಕೈಕೈ ಕಾಳಗಕ್ಕೆ ಸಿದ್ಧನಾದವನು ತನ್ನ ಉದ್ದೇಶವನ್ನು ಮೊದಲು ಹೇಳಬೇಕು: ಆಯುಧ ಕಿತ್ತುಕೊಳ್ಳುವುದೋ, ಹಿಡಿದು ನಿಲ್ಲಿಸುವುದೋ, ನೂಕಿ ಕೆಡವುವುದೋ. ಇಬ್ಬರ ಮೈಕಟ್ಟನ್ನು ಹೋಲಿಸಿ, ಅಂತರ ಹೆಚ್ಚಿದ್ದರೆ ಚಿಕ್ಕವನಿಗೆ ದಂಡದ ದಾಳ, ತೀರ ಹೆಚ್ಚಿದ್ದರೆ ಪ್ರಯತ್ನವೇ ಅಸಾಧ್ಯ. ಗೆದ್ದರೆ ಹೇಳಿದ ಉದ್ದೇಶ ಈಡೇರುತ್ತದೆ. ಮಾನಸೋಲ್ಲಾಸದ ಮೈಕಟ್ಟು, ಕುಸ್ತಿಯ ಜೋಡಿ, ಕಬಡ್ಡಿಯ ಗುರಿ ಮೂರೂ ಇಲ್ಲಿ ತಾವಾಗಿ ಬಂದು ಕೂಡಿವೆ. 2013ರ ಫೇಟ್ ಕೋರ್ ಆಟದಲ್ಲಿ ಹತ್ತಿರದ ಕಾಳಗಕ್ಕೆ ಒಂದೇ ಕೌಶಲ. ಕೈಯಲ್ಲಿ ಕತ್ತಿಯಿದೆಯೋ ಇಲ್ಲವೋ ಎಂಬುದು ನಿಯಮವನ್ನು ಬದಲಿಸುವುದಿಲ್ಲ, ಏನನ್ನು ಸಾಧಿಸಲು ಹೊರಟಿದ್ದಾನೆ ಎಂಬುದೇ ಬದಲಿಸುತ್ತದೆ. ಪಾತ್‌ಫೈಂಡರ್ ಕೂಡ ಆಯುಧದ ಪಟ್ಟಿಯಲ್ಲಿ ಎಡವಿದರೂ ಹಿಡಿತವನ್ನು ಅಂಗಸಾಧನೆಯ ಕ್ರಿಯೆಯಾಗಿ ಬೇರೆಯೇ ಬರೆದು, ಗೆಲುವು ದೊಡ್ಡದಾದಷ್ಟೂ ಹಿಡಿತ ಬಿಗಿಯಾಗುತ್ತದೆಂದು ಹೇಳುವಲ್ಲಿ ಸರಿಯಾದ ದಾರಿಗೆ ಬಂದಿದೆ.

ಇವೆಲ್ಲವುಗಳಿಂದ ಹೊರಡುವ ಸೂತ್ರ ಕಷ್ಟದ್ದಲ್ಲ. ಬರಿಗೈ ಕಾಳಗದ ನಿಯಮ ಐದು ಸಂಗತಿಗಳನ್ನು ಈ ಕ್ರಮದಲ್ಲಿ ಹೇಳಬೇಕು: ಉದ್ದೇಶ, ಹತ್ತಿರ ಹೋಗುವುದರ ಅಪಾಯ, ಯಾವುದಕ್ಕೆ ಯಾವುದು ಎದುರು ಎಂಬ ಪೈಪೋಟಿ, ಗೆದ್ದರೆ ಬರುವ ಸ್ಥಿತಿ, ಆ ಸ್ಥಿತಿಯ ಮುಕ್ತಾಯ. ಉದಾಹರಣೆಗೆ ಒಂದು ಪೂರ್ಣ ನಿಯಮವನ್ನು ಹೀಗೆ ಬರೆಯಬಹುದು. ಎದುರಾಳಿಯನ್ನು ಹಿಡಿಯುವುದು, ಕೆಡವುವುದು, ಅವನ ಕೈಯಲ್ಲಿರುವುದನ್ನು ಕಸಿಯುವುದು ಇವುಗಳಲ್ಲಿ ಯಾವುದು ಬೇಕೆಂದು ಆಟಗಾರ ಮೊದಲು ಹೇಳಬೇಕು. ಎದುರಾಳಿಯ ಕೈಯಲ್ಲಿ ತನ್ನ ಕೈಗಿಂತ ಉದ್ದನೆಯ ವಸ್ತುವಿದ್ದರೆ ಅವನು ಮೊದಲು ಒಂದು ಏಟು ಹೊಡೆಯಬಹುದು. ಆ ಬಳಿಕ ಇಬ್ಬರೂ ದಾಳ ಉರುಳಿಸಿ ಬಲವನ್ನೋ ಚುರುಕನ್ನೋ ಕೂಡಿಸಬೇಕು. ಹಿಡಿದವನು ಗೆದ್ದರೆ ಎದುರಾಳಿ ಅಲ್ಲಿಂದ ಕದಲಲಾರ, ಹಿಡಿಯಲ್ಪಟ್ಟ ಕೈಯನ್ನು ಬಳಸಲಾರ. ಮುಂದಿನ ಸರದಿಯಲ್ಲೂ ಗೆದ್ದರೆ ಅವನು ಚಿತ್ ಆಗುತ್ತಾನೆ, ಆಗ ಅವನನ್ನು ಏನು ಮಾಡಬೇಕೆಂಬುದು ಗೆದ್ದವನ ಆಯ್ಕೆ. ಹಿಡಿಯಲ್ಪಟ್ಟವನು ತನ್ನ ಸರದಿಯಲ್ಲಿ ಪೈಪೋಟಿ ಗೆದ್ದರೆ ಹಿಡಿತ ಬಿಡುತ್ತದೆ. ಇಷ್ಟರಲ್ಲಿ ಆಯುಧ ಎಂಬ ಪದ ಒಮ್ಮೆಯೂ ಬೇಕಾಗಲಿಲ್ಲ, ಒಂದು ಕೋಷ್ಟಕವೂ ಬೇಕಾಗಲಿಲ್ಲ, ಕೈಯಲ್ಲಿ ವಜ್ರಮುಷ್ಟಿಯಿದ್ದರೂ ಲೋಹದ ಕೈಗವಸಿದ್ದರೂ ಒಂದಕ್ಷರ ಬದಲಿಸಬೇಕಾಗಿಲ್ಲ.

ಬರಿಗೈ ಕಾಳಗ ನಿಯಮಕ್ಕೆ ಒಗ್ಗದು ಎಂಬ ಅಭಿಪ್ರಾಯ ಆಯುಧದ ಪಟ್ಟಿಯೊಂದನ್ನು ಜಗತ್ತಿನ ಅಳತೆಗೋಲೆಂದು ನಂಬಿದವರ ಅಭಿಪ್ರಾಯ. ಅದನ್ನು ಕನ್ನಡ ನಾಡಿನ ಆಟಗಾರರು ಒಪ್ಪಿಕೊಳ್ಳಬೇಕಾದ ಕಾರಣವೇ ಇಲ್ಲ. ಇಂಗ್ಲಿಷ್ ಪುಸ್ತಕದ ತಿದ್ದುಪಡಿಗೆ ಇನ್ನೊಂದು ದಶಕ ಕಾಯುವ ಬದಲು, ಯಲಹಂಕದ ಮೇಜಿನಲ್ಲಾಗಲಿ ಯಶವಂತಪುರದ ಹಾಸ್ಟೆಲಿನಲ್ಲಾಗಲಿ ಆಡುವವರು ತಮ್ಮ ಬಳಕೆಗೆ ಬೇಕಾದ ಹಿಡಿತದ ನಿಯಮವನ್ನು ಒಂದು ಪುಟ ಕನ್ನಡದಲ್ಲಿ ಬರೆದುಕೊಳ್ಳಲಿ, ಆಟ ಆರಂಭವಾಗುವ ಮೊದಲು ಎಲ್ಲರಿಗೂ ಓದಿ ಹೇಳಲಿ, ಸರಿಬಾರದ ಕಡೆ ತಿದ್ದಲಿ. ಹೊಸ ಪಾತ್ರಾಟಗಳನ್ನು ರಚಿಸಲು ಹೊರಟ ಕನ್ನಡದ ಲೇಖಕರು ಆಯುಧಗಳ ಅಧ್ಯಾಯಕ್ಕೆ ಮುನ್ನ ದೇಹದ ಅಧ್ಯಾಯವನ್ನು ಬರೆಯಲಿ. ಆ ಕೆಲಸಕ್ಕೆ ಬೇಕಾದ ಗುರಿ, ಮುಕ್ತಾಯ, ನಿಷೇಧಗಳ ಮಾದರಿ ಗರಡಿಯಲ್ಲೂ ಕಬಡ್ಡಿ ಅಂಕಣದಲ್ಲೂ ಈಗಾಗಲೇ ಸಿದ್ಧವಾಗಿದೆ.